ಬಾದನಹಟ್ಟಿಯ ಪಡಸಾಲೆ ಬರೆದದ್ದು

ಕಾಡು ಬರೆಯುವವನಿಗೆ ಒಂದು ಸುಖವಿದೆ. ಮರ ತುಸು ಸೊಟ್ಟಗಾದರೂ ಯಾರೂ ಬಂದು ಜಗಳ ತೆಗೆಯುವುದಿಲ್ಲ. ಸೊಟ್ಟ ಮರ ಎಲ್ಲ ಊರಲ್ಲೂ ಇರುತ್ತದೆ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಾಟಕದ ಪರದೆ ಬರೆದುಕೊಡುವ ಅಂಗಡಿಯೊಂದರಲ್ಲಿ ನಾನು ಆ ಸುಖವನ್ನು ಸಾಕಷ್ಟು ಉಂಡವನು. ಕಾಡಿನ ಸೀನು, ಬೆಟ್ಟದ ಸೀನು, ಮೋಡ ತೇಲುವ ಕೈಲಾಸದ ಸೀನು ನನ್ನ ಪಾಲಿಗೆ. ದರ್ಬಾರು, ಅಂತಃಪುರ, ಬೀದಿ, ಒಳಮನೆ, ಅಂದರೆ ಗೋಡೆ ಕಂಬ ಬರುವುದೆಲ್ಲ ಮಾಸ್ತರರ ಪಾಲಿಗೆ. ಮಾಸ್ತರರೆಂದರೆ ಅಂಗಡಿಯ ಯಜಮಾನರು. ನನಗೆ ಕುಂಚ ಹಿಡಿಯಲು ಕಲಿಸಿದವರೂ ಅವರೇ.

ಎಪ್ಪತ್ತರ ದಶಕ ನಡುವಿಗೆ ಬರುವ ಹೊತ್ತಿಗೆ ನನ್ನ ಸುಖಕ್ಕೆ ಕುತ್ತು ಬಂತು. ಹಳ್ಳಿಯ ತಂಡಗಳಿಗೆ ಪುರಾಣದ ನಾಟಕ ಸಾಕಾಗಿ ಸಾಮಾಜಿಕ ನಾಟಕದ ರುಚಿ ಹತ್ತಿತು. ಅತ್ತೆ, ಸೊಸೆ, ಕುಡುಕ ಮಗ, ಆಸ್ತಿ ಜಗಳ. ಇವರಲ್ಲಿ ಯಾರೂ ವನವಾಸಕ್ಕೆ ಹೋಗುವವರಲ್ಲ. ನನ್ನ ಕಾಡುಗಳು ಬಿದಿರಿಗೆ ಸುತ್ತಿಕೊಂಡು ಅಟ್ಟದ ಮೇಲೆ ಮಲಗಿದವು. ಇಲಿಗಳು ಅವುಗಳಲ್ಲಿ ಸಂಸಾರ ಹೂಡಿದವು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಮನಿ ಸೀನು ಐತೇನ್ರಿ?"

ಮಾಸ್ತರರ ಮನೆ ಸೀನಿನಲ್ಲಿ ಎದುರಿಗೊಂದು ಗೋಡೆ, ನಡುವೆ ಬಾಗಿಲು, ಎರಡು ಕಡೆ ಕಿಟಕಿ, ಒಂದು ಸೋಫಾ. ಕೆಳಗೆ ಚೌಕಾಬಾರದ ಮನೆಗಳ ಹಾಗೆ ಒಂದೇ ಅಳತೆಯ ಕಪ್ಪು ಬಿಳಿ ನೆಲ. ಕಂಬ ಬಂದರೆ ಹತ್ತಿರದ್ದೂ ದೂರದ್ದೂ ಒಂದೇ ಎತ್ತರ. ಬಣ್ಣಗಳ ಹೊಂದಾಣಿಕೆ ಮಾತ್ರ ಎಂಥದೆಂದರೆ, ನೋಡಿದವರು ಅಳತೆಯ ಗೊಡವೆಗೇ ಹೋಗುತ್ತಿರಲಿಲ್ಲ. ನಾನೊಮ್ಮೆ ಧೈರ್ಯ ಮಾಡಿ ಕೇಳಿದೆ.

"ಮಾಸ್ತರ್ರ, ದೂರ ಇರೋ ಕಂಬ ಸಣ್ಣದು ಕಾಣಬೇಕಲ್ರಿ?"

"ಯಾಕ ಕಾಣಬೇಕು? ರಾಜ ಕಟ್ಟಿಸಿದ್ದು ಎಲ್ಲಾ ಒಂದಾ ಅಳತಿ ಕಂಬ. ನೀ ದೂರ ನಿಂತೀದಿ ಅಂತ ಅವನು ಕಂಬ ಕೊಯ್ಸಬೇಕೇನು?"

ಕಣ್ಣಿಗೆ ಸಣ್ಣದು ಕಾಣುತ್ತದೆ ಎಂದು ಗೊತ್ತು. ಎಷ್ಟು ಸಣ್ಣದು, ಯಾವ ಲೆಕ್ಕದಲ್ಲಿ ಎಂದು ಗೊತ್ತಿಲ್ಲ.

ಆ ಲೆಕ್ಕ ನನಗೆ ಸಿಕ್ಕಿದ್ದು ಕಂಟೋನ್ಮೆಂಟಿನಲ್ಲಿ. ಸರ್ಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದ ಸಾಹೇಬರೊಬ್ಬರು ಅಲ್ಲಿಯ ಹಳೆಯ ಬಂಗಲೆಯ ಅರ್ಧ ಭಾಗದಲ್ಲಿ ಬಾಡಿಗೆಗಿದ್ದರು. ಅವರ ಬಾಗಿಲಿಗೆ ಹೆಸರಿನ ಹಲಗೆ ಬರೆಯಲು ಹೋದವನು ನಾನು. ಬಂಗಲೆಗೆ ಉದ್ದನೆಯ ವರಾಂಡ, ಅದರ ಅಂಚಿಗೆ ಸಾಲು ಕಂಬ. ಹಲಗೆ ಒಣಗಲಿ ಎಂದು ಕಾಯುತ್ತ ಆ ಕಂಬಗಳನ್ನೇ ನೋಡುತ್ತ ನಿಂತಿದ್ದೆ. ಸಾಹೇಬರು ಯಾಕೆ ಎಂದು ಕೇಳಿದರು. ಹೇಳಿದೆ. ಅವರು ಒಳಗೆ ಹೋಗಿ ಒಂದು ಸಾಬೂನಿನ ಚೂರು ತಂದರು.

ವರಾಂಡದ ತುದಿಯಲ್ಲಿ ಒಂದು ಕೋಣೆ. ಅದರ ಕಿಟಕಿಯ ಗಾಜಿನಿಂದ ನೋಡಿದರೆ ಇಡೀ ವರಾಂಡ ಕಾಣುತ್ತಿತ್ತು. ಕಿಟಕಿಯ ಮುಂದೆ ನನ್ನನ್ನು ನಿಲ್ಲಿಸಿ, ಹಿಂದಿದ್ದ ಎತ್ತರದ ಕಪಾಟಿಗೆ ಬೆನ್ನು ಆನಿಸಲು ಹೇಳಿದರು.

"ತಲಿ ಕಪಾಟಿಗೆ ಹಚ್ಚು. ಒಂದು ಕಣ್ಣು ಬಂದ್. ಅಳ್ಳಾಡಬ್ಯಾಡ, ಮಿಯಾ. ಕಾಣೋದನ್ನಷ್ಟಾ ಗಾಜಿನ ಮ್ಯಾಲ ಬರಿ. ನಿನಗ ಗೊತ್ತಿರೋದನ್ನ ಬರೀಬ್ಯಾಡ."

ಸಾಬೂನಿನಿಂದ ಗಾಜಿನ ಮೇಲೆ ಕಂಬಗಳನ್ನು, ಸೂರಿನ ಅಂಚನ್ನು, ನೆಲದ ಅಂಚನ್ನು ಬರೆದೆ. ಮುಗಿಸಿ ಎರಡೂ ಕಣ್ಣು ತೆರೆದು ನೋಡಿದರೆ ಸೂರಿನ ಗೆರೆ ಕೆಳಗಿಳಿಯುತ್ತಿದೆ, ನೆಲದ ಗೆರೆ ಮೇಲೇರುತ್ತಿದೆ. ಸಾಹೇಬರು ಅಡಿಕೋಲು ಹಿಡಿದು ಎರಡನ್ನೂ ಮುಂದಕ್ಕೆ ಎಳೆದರು. ಎರಡೂ ಒಂದು ಚುಕ್ಕಿಯಲ್ಲಿ ಕೂಡಿದವು. ಕಂಬಗಳ ಬುಡ, ತಲೆ, ನಡುವಿನ ಪಟ್ಟಿ, ಯಾವುದನ್ನು ಎಳೆದರೂ ಅದೇ ಚುಕ್ಕಿ.

"ಈ ಚುಕ್ಕಿ ಎಲ್ಲಿಂದ ಬಂತ್ರಿ ಸಾಹೇಬ್ರ?"

"ನಿನ್ನ ಕಣ್ಣಿಂದ. ಈಗ ನೆಲಕ್ಕ ಕೂಡು, ಕೆಳಗಿನ ಗಾಜಿನಾಗ ಬರಿ."

ಕೂತು ಬರೆದೆ. ಚುಕ್ಕಿಯೂ ನನ್ನ ಜೊತೆ ಕೆಳಗೆ ಬಂದಿತ್ತು.

"ನೀ ಕುಂತ್ರ ಅದೂ ಕೂಡತೈತಿ, ನೀ ನಿಂತ್ರ ನಿಲ್ಲತೈತಿ. ನಿನ್ನ ನೆರಳಿಗಿಂತ ನಿಯತ್ತು ಅದಕ್ಕ," ಎಂದರು ಸಾಹೇಬರು.

ಅಂದಿನಿಂದ ವಾರಕ್ಕೊಮ್ಮೆ ಕಂಟೋನ್ಮೆಂಟಿಗೆ ಸೈಕಲ್ಲು ತುಳಿದೆ. ಮೂರನೇ ಕಂಬ ಎಲ್ಲಿ ನಿಲ್ಲಬೇಕು ಎಂದು ಅಂದಾಜಿನಿಂದ ಹುಡುಕುತ್ತಿದ್ದ ನನಗೆ ಅವರು ಒಂದು ಹಾದಿ ತೋರಿಸಿದರು: ಮೊದಲನೇ ಕಂಬದ ತಲೆಯಿಂದ ಎರಡನೇ ಕಂಬದ ನಟ್ಟನಡುವಿಗೆ ಗೆರೆ ಎಳೆದು ಹಾಗೇ ಮುಂದಕ್ಕೆ ಬಿಟ್ಟರೆ, ಅದು ನೆಲದ ಗೆರೆಯನ್ನು ಮುಟ್ಟುವಲ್ಲಿ ಮೂರನೆಯದರ ಬುಡ. ಇಷ್ಟೇ. ಇಷ್ಟು ಗೊತ್ತಿಲ್ಲದೆ ನಾನು ವರ್ಷಗಟ್ಟಲೆ ಮರಗಳ ಹಿಂದೆ ಅಡಗಿಕೊಂಡಿದ್ದೆ. ಸಾಹೇಬರ ಮನೆಯವರು ಮಾತ್ರ ಗೊಣಗುತ್ತಿದ್ದರು: "ಮೈ ತೊಳಿಯೋಕ ತಂದ ಸಾಬೂನೆಲ್ಲ ಕಿಟಕಿಗೆ ಹೋತು." ಆದರೆ ಆ ಬಂಗಲೆಯ ಗಾಜುಗಳು ಅಷ್ಟು ಸ್ವಚ್ಛವಾಗಿ ಹಿಂದೆಂದೂ ಇರಲಿಲ್ಲವೆಂದು ನನ್ನ ನಂಬಿಕೆ.

ಮನೆಯಲ್ಲೂ ಅದೇ ಗೀಳು. ಊಟಕ್ಕೆ ಕೂತಾಗ ಒಂದು ಕಣ್ಣು ಮುಚ್ಚಿ ಅಡುಗೆ ಮನೆಯ ಗೂಡು, ಒಲೆ, ಜಂತಿಗಳನ್ನು ಅಳೆಯುತ್ತಿದ್ದೆ. ಹೆಂಡತಿ ರೊಟ್ಟಿ ಬಡಿಯುತ್ತ ಹೇಳಿದಳು: "ಒಂದಾ ಕಣ್ಣಾಗ ನೋಡಿದ್ರ ರೊಟ್ಟಿ ದೊಡ್ಡವು ಆಗಂಗಿಲ್ಲ. ಮದಲ ಉಣ್ರಿ."

ಕಲಿತದ್ದನ್ನು ತೋರಿಸುವ ಅವಕಾಶ ಸಿರುಗುಪ್ಪದಿಂದ ಬಂತು. ಅಲ್ಲಿಯ ತಂಡವೊಂದಕ್ಕೆ ಬೀದಿಯ ಸೀನು ಬೇಕಾಗಿತ್ತು. ಮಾಸ್ತರರು ಜ್ವರ ಬಂದು ಮಲಗಿದ್ದರು. ನಾನೇ ಬರೆಯುತ್ತೇನೆ ಎಂದೆ. ಅವರು ಬೇಡ ಎನ್ನುವಷ್ಟು ತ್ರಾಣದಲ್ಲಿರಲಿಲ್ಲ.

ಅಂಗಡಿಯ ಹಿಂದಿನ ಗೋಡೆಗೆ ಬಟ್ಟೆ ಬಿಗಿದು, ಅಂಟು ಕಾಯಿಸಿ ಸೀಮೆಸುಣ್ಣದ ಪುಡಿ ಕಲಸಿ ಎರಡು ಸಲ ಬಳಿದೆ. ಒಣಗಿದ ಮೇಲೆ ನಟ್ಟನಡುವೆ, ನನ್ನ ಕಣ್ಣಿನ ಎತ್ತರಕ್ಕೆ ಒಂದು ಮೊಳೆ ಹೊಡೆದೆ. ಮೊಳೆಗೆ ದಾರ ಕಟ್ಟಿ, ದಾರಕ್ಕೆ ಕಾವಿ ಸವರಿ, ಬಿಗಿಯಾಗಿ ಎಳೆದು ಚಿಮ್ಮಿದರೆ ಬಟ್ಟೆಯ ಮೇಲೆ ಕೆಂಪು ಗೆರೆ. ಆ ಮೊಳೆಯಿಂದ ಸೂರ್ಯನ ಕಿರಣದ ಹಾಗೆ ನಲವತ್ತು ಗೆರೆ ಹೊಡೆದೆ. ಎರಡೂ ಕಡೆ ಮಾಳಿಗೆ ಮನೆಗಳು ಸಾಲಾಗಿ ಒಳಗೆ ಸರಿಯುತ್ತ, ಕುಗ್ಗುತ್ತ, ಕೊನೆಗೆ ಬೆಂಕಿಪೆಟ್ಟಿಗೆಯಷ್ಟಾಗಿ ಮೊಳೆಯ ಹತ್ತಿರ ಮಾಯವಾದವು. ಬಟ್ಟೆಯಲ್ಲಿ ಒಂದು ಫರ್ಲಾಂಗು ದಾರಿ ತೆರೆದಿದ್ದೇನೆ ಎಂದು ಬೀಗಿದೆ. ಪರದೆಯ ಜೊತೆ ನಾನೂ ಸಿರುಗುಪ್ಪಕ್ಕೆ ಹೋದೆ.

ಪರದೆ ಬಿಟ್ಟಾಗ ಜನ ಹೋ ಎಂದರು. ಅದು ನನ್ನ ಬದುಕಿನ ಅತ್ಯಂತ ಸಂತೋಷದ ಐದು ನಿಮಿಷ. ಆರನೇ ನಿಮಿಷಕ್ಕೆ ನಾಯಕ ಬಂದ. ಪಾತ್ರ ಕಟ್ಟಿದವನು ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ಎತ್ತರದ ಆಳು. ಹೆಂಡತಿ ತೀರಿಕೊಂಡ ದುಃಖದಲ್ಲಿ ಮಾತನಾಡುತ್ತ ಮಾತನಾಡುತ್ತ ಹಿಂದೆ ಸರಿದು ಪರದೆಯ ನಡುವಿಗೆ ಹೋಗಿ ನಿಂತ. ಅಲ್ಲಿ ನನ್ನ ದೂರದ ಮನೆಗಳಿದ್ದವು. ಮಾಳಿಗೆಯ ಅಂಚು ಅವನ ಗಲ್ಲಕ್ಕೆ ಬಂತು.

ಜನರ ಹಿಂದಿನಿಂದ ಒಂದು ದನಿ: "ಲೇ ಎಪ್ಪಾ, ಮಾಳಗಿ ಮ್ಯಾಲ ಹಪ್ಪಳ ಒಣಾ ಹಾಕ್ಯಾರ. ತುಳೀಬ್ಯಾಡೋ."

ನಗು ಎದ್ದದ್ದು ಇಳಿಯಲೇ ಇಲ್ಲ. ಅವನು ಅತ್ತಷ್ಟೂ ಜನ ನಕ್ಕರು. ಪಾತ್ರ ಮುಗಿಸಿ ಬಂದವನು ಬಣ್ಣದ ಮುಖದಲ್ಲೇ ನನ್ನ ಮುಂದೆ ನಿಂತ.

"ಹೆಂಡತಿ ಸತ್ತ ದುಃಖದಾಗ ಗ್ವಾಡಿಗೆ ಒರಗಿದ್ರ ನಗತಾರ್ರಿ ಜನ. ಇದು ಮನುಷ್ಯಾರ ಓಣಿನೋ, ಕೋಳಿ ಓಣಿನೋ?"

ಮಾಸ್ತರರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಜ್ವರ ಬಿಟ್ಟು ಎದ್ದು ಕೂತಿದ್ದರು. ಕೆಮ್ಮು ಬರುವವರೆಗೂ ನಕ್ಕರು. "ಕಂಬ ಸಣ್ಣದು ಮಾಡಿದಿ, ಮನಿ ಸಣ್ಣದು ಮಾಡಿದಿ. ಪಾತ್ರದವನ್ನ ಹೆಂಗ ಸಣ್ಣ ಮಾಡ್ತಿ, ತಮ್ಮಾ?"

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಪರದೆಯ ಒಳಕ್ಕೆ ಹೋಗುವುದು ನೋಡುವವನ ಕಣ್ಣು ಮಾತ್ರ. ಪಾತ್ರದವನ ಕಾಲು ಪರದೆಯ ಮುಂದೆಯೇ ನಿಲ್ಲುತ್ತದೆ. ಅವನು ಒರಗುವ ಜಾಗದಲ್ಲಿ ಅವನ ಅಳತೆಯದೇ ವಸ್ತು ಇರಬೇಕು. ಸಾಹೇಬರ ಕಿಟಕಿಯ ಮುಂದೆ ಯಾರೂ ನಾಟಕ ಆಡಿರಲಿಲ್ಲವಾದ್ದರಿಂದ ಈ ಪಾಠ ಅಲ್ಲಿ ಬಂದಿರಲಿಲ್ಲ.

ನಾನು ಮತ್ತೆ ಮರಗಳಿಗೆ ಮರಳಿದೆ. ಆದರೆ ಆ ದಿನಗಳಲ್ಲಿ ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂತು. ಮಾಸ್ತರರು ಬಣ್ಣದ ಡಬ್ಬಿಗಳನ್ನು ನೋಡಿ ತೆಗೆದುಕೊಳ್ಳುತ್ತಿರಲಿಲ್ಲ, ಇಟ್ಟ ಜಾಗ ತಡವಿ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಕಸ ಗುಡಿಸುವಾಗ ನೀಲಿಯ ಡಬ್ಬಿಯನ್ನು ನಾನು ಹಸಿರಿನ ಜಾಗಕ್ಕೆ ಸರಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಂತಃಪುರದ ತೋಟವೆಲ್ಲ ನೀಲಿ. ಅವರು ಊಟಕ್ಕೆ ಹೋದಾಗ ಎಲೆ ಎಲೆಯನ್ನೂ ಹಸಿರು ಮಾಡಿದೆ. ಡಬ್ಬಿಗಳನ್ನು ಮತ್ತೆಂದೂ ಸರಿಸಲಿಲ್ಲ.

ಬಾದನಹಟ್ಟಿಯ ರೈತರ ನಾಟಕ ತಂಡದ ಹಿರಿಯರೊಬ್ಬರು ಅಂಗಡಿಗೆ ಬಂದದ್ದು ಅದೇ ತಿಂಗಳು. ಕುರುಗೋಡಿನ ಹತ್ತಿರದ ಊರು ಅದು. ಮಾಸ್ತರರು ಸೋಫಾದ ಸೀನು ಬಿಚ್ಚಿ ತೋರಿಸಿದರು. ಹಿರಿಯರು ತಲೆ ಕೆರೆದುಕೊಂಡರು.

"ಇದು ಬ್ಯಾಡ್ರಿ. ಹೋದ ಸಲ ಇದನ್ನ ಒಯ್ದಿದ್ವಿ. ನಮ್ಮ ಹೆಣ್ಮಕ್ಳು ಕೇಳ್ತಾರ, ಸೊಸಿ ಅಳೋದು ಸೋಫಾದ ಮ್ಯಾಲ ಯಾಕ ಅಂತ. ನಮ್ಮೂರ ಪಡಸಾಲಿನಾ ಬರದು ಕೊಡ್ರಿ. ಕಂಬ, ತೊಲಿ, ಜಂತಿ, ಎಲ್ಲಾ ಇರಲಿ."

ಮಾಸ್ತರರು ಸೋಫಾದ ಸೀನನ್ನು ಮತ್ತೆ ಸುತ್ತಿಟ್ಟರು. ಕಂಬಕ್ಕೆ ಕಂಬ, ಜಂತಿಗೆ ಜಂತಿ ಹೊಂದಿಸಿ ಹೊಸದಾಗಿ ಬರೆಯುವುದು ಈಗ ಅವರಿಂದ ಆಗದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ನನಗ ಈ ಜಂತಿ ಗಿಂತಿ ಬ್ಯಾಸರಪ," ಎಂದು ನನ್ನ ಕಡೆ ತಿರುಗಿದರು. "ನೀನಾ ಬರಿ. ಇದು ಗೆದ್ರ ಅಂಗಡಿಯ ಒಳಮನಿ ಸೀನೆಲ್ಲಾ ನಿಂದು. ಸಿರುಗುಪ್ಪದಂಗಾತಂದ್ರ ಇನ್ನ ಮ್ಯಾಲ ಈ ಅಂಗಡಿಯಾಗ ಒಳಮನಿ ಬರಿಯೋದು ಬಂದ್."

ಒಳಮನೆ ಬಂದಾದರೆ ಉಳಿಯುವುದು ಕಾಡು. ಕಾಡನ್ನು ಕೇಳುವವರಿಲ್ಲ. ಅಂದರೆ ಅಂಗಡಿಯೇ ಬಂದ್.

ಹನ್ನೆರಡು ಅಡಿ ಎತ್ತರ, ಇಪ್ಪತ್ತು ಅಡಿ ಅಗಲದ ಬಟ್ಟೆ. ಸಿರುಗುಪ್ಪದ ಪಾಠ ನೆನಪಿಟ್ಟುಕೊಂಡು ಮುಂದಿನ ಕಂಬಗಳನ್ನೂ ಬಾಗಿಲನ್ನೂ ಮನುಷ್ಯನ ಅಳತೆಗೆ ಸರಿಯಾಗಿ ಬರೆದೆ. ಒಳಗಿನ ಆಳವನ್ನು ಎರಡು ಸಾಲು ಕಂಬಕ್ಕೆ ನಿಲ್ಲಿಸಿದೆ. ಹಿಂದಿನ ಸಾಲು ಮುಂದಿನದಕ್ಕಿಂತ ಮೊಳದಷ್ಟೇ ಗಿಡ್ಡ. ಈಗ ಎಂಥ ಎತ್ತರದ ಆಳು ಎಲ್ಲಿ ಒರಗಿದರೂ ಚಿಂತೆಯಿಲ್ಲ. ಮೊಳೆಯನ್ನು ಐದು ಅಡಿ ಎತ್ತರಕ್ಕೆ, ನಿಂತ ಮನುಷ್ಯನ ಕಣ್ಣಿಗೆ ಹೊಡೆದೆ. ತೊಲೆ ಜಂತಿಗಳು ಅದರ ಕಡೆ ಇಳಿದವು. ಆಮೇಲೆ ನೆಲ. ಕಡಪ ಕಲ್ಲಿನ ನೆಲ. ಒಂದೊಂದು ಕಲ್ಲೂ ಒಳಗೆ ಹೋದಂತೆ ಕಿರಿದಾಗುತ್ತ, ಸಂದುಗಳೆಲ್ಲ ಮೊಳೆಯ ಕಡೆ ಓಡುತ್ತ, ಮುಂದಿನ ಕಲ್ಲಿಗೆ ತಿಳಿಯಾದ ಬೂದು, ಹಿಂದಿನದಕ್ಕೆ ಗಾಢ. ನೆಲಕ್ಕೊಂದಕ್ಕೇ ಮೂರು ದಿನ ಹಿಡಿಯಿತು. ನನ್ನ ಕೈಯಿಂದ ಅಂಥ ಕೆಲಸ ಅದುವರೆಗೆ ಬಂದಿರಲಿಲ್ಲ. ಸಾಹೇಬರು ರಿಕ್ಷಾದಲ್ಲಿ ಬಂದು ನೋಡಿ, ಕೋಲಿನಿಂದ ಎರಡು ಗೆರೆ ಅಳೆದು, "ಬರಾಬರ್" ಎಂದು ಹೋದರು.

ನಾಟಕಕ್ಕೆ ಮೂರು ದಿನ ಇರುವಾಗ, ಬಸ್ಸಿನ ಮೇಲೆ ಪರದೆ ಹಾಕಿಕೊಂಡು ಬಾದನಹಟ್ಟಿಗೆ ಹೋದೆ. ಊರ ನಡುವಿನ ಬಯಲಿನಲ್ಲಿ ಎದೆಮಟ್ಟದ ಕಟ್ಟೆಯೇ ರಂಗ. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಪರದೆ ಕಟ್ಟಿ ಬಿಟ್ಟೆವು. ನಾನು ಕಟ್ಟೆಯ ಮೇಲೆ ನಿಂತು ನೋಡಿದೆ, ಚೆನ್ನಾಗಿತ್ತು. ಕೆಳಗೆ ನೆಲದ ಮೇಲೆ ಕೂತಿದ್ದ ನಾಲ್ಕೈದು ಮಂದಿ ಮುದುಕರು ಮಾತ್ರ ತಲೆ ಓರೆ ಮಾಡಿ ನೋಡುತ್ತಿದ್ದರು.

"ಎಲ್ಲಾ ಬೇಸಿ ಐತಿ," ಎಂದ ಒಬ್ಬ ಮುದುಕಪ್ಪ, "ನೆಲ ಯಾಕಪ ಇಳಿಜಾರು?"

"ಇಳಿಜಾರಿಲ್ಲ, ತಾತ."

"ಕೊಡ ಇಟ್ರ ಉಳ್ಳಿ ನಮ್ಮ ಮ್ಯಾಲ ಬೀಳತೈತಿ. ಬಾ, ಇಲ್ಲಿ ಕುಂತು ನೋಡು."

ಇಳಿದು ಅವರ ಪಕ್ಕದಲ್ಲಿ ಕೂತೆ. ನನ್ನ ಕಡಪ ಕಲ್ಲಿನ ನೆಲವೆಲ್ಲ ಎದ್ದು ನಿಂತು ಮುಂದಕ್ಕೆ ವಾಲಿತ್ತು. ಕಾರಣ ಹೊಳೆಯಲು ಹೊತ್ತು ಬೇಕಾಗಲಿಲ್ಲ. ಕಣ್ಣು ಕೂತರೆ ಚುಕ್ಕಿಯೂ ಕೂರುತ್ತದೆ ಎಂದು ಸಾಹೇಬರು ಮೊದಲ ದಿನವೇ ತೋರಿಸಿದ್ದರು. ನಾನು ನನ್ನ ಕಣ್ಣನ್ನು ಅಳೆದಿದ್ದೆ. ನೆಲದಲ್ಲಿ ಕೂತು ನಾಟಕ ನೋಡುವವರ ಕಣ್ಣು ಕಟ್ಟೆಯ ಅಂಚಿಗಿಂತಲೂ ಕೆಳಗಿರುತ್ತದೆ ಎಂಬುದನ್ನು ಅಳೆದಿರಲಿಲ್ಲ. ಅವರಿಗೆ ನಿಜವಾದ ಕಟ್ಟೆಯ ನೆಲವೇ ಕಾಣುವುದಿಲ್ಲ. ಅದರ ಮೇಲೆ ನಾನು ಒಂದು ನೆಲವನ್ನು ಎತ್ತಿ ತೋರಿಸಿದ್ದೆ.

ಚುಕ್ಕಿಯನ್ನು ಪೂರಾ ಕೆಳಗಿಳಿಸಬೇಕು ಎಂದುಕೊಂಡು ಎದ್ದೆ. ಆಗ ಮೇಲಿನಿಂದ ಕರೆ ಬಂತು. ಬಯಲಿನ ಸುತ್ತ ಮಾಳಿಗೆ ಮನೆಗಳು. ಆ ಊರಲ್ಲಿ ನಾಟಕವಾದರೆ ಗಂಡಸರು ನೆಲದಲ್ಲಿ, ಹೆಂಗಸರೆಲ್ಲ ಮಾಳಿಗೆಯ ಮೇಲೆ. ತಂಡದ ಹಿರಿಯರ ತಾಯಿ, ಎಂಬತ್ತರ ಹತ್ತಿರದ ಮುದುಕಿ, ತಮ್ಮ ಮಾಳಿಗೆಯಿಂದ ಕೈ ಬೀಸುತ್ತಿದ್ದರು. ಏಣಿ ಹತ್ತಿ ಹೋದೆ. ಅಲ್ಲಿಂದ ತಿರುಗಿ ನೋಡಿದರೆ ನೆಲ ಸಮನಾಗಿತ್ತು, ತಣ್ಣಗೆ ಮಲಗಿತ್ತು.

ಹಾಗಾದರೆ ಈಗ ಯಾರ ಕಣ್ಣಿಗೆ ಬರೆಯುವುದು? ಚುಕ್ಕಿ ಕೆಳಗಿಳಿಸಿದರೆ ಕೆಳಗಿನವರಿಗೆ ಸರಿ. ಈ ಪರದೆ ಬೇಕೆಂದು ಹಟ ಹಿಡಿದವರು ಮೇಲಿನವರು. ನಡುವೆ ಎಲ್ಲೋ ಇಟ್ಟರೆ ಇಬ್ಬರಿಗೂ ಸೊಟ್ಟ. ಮುದುಕಿಗೆ ಇದನ್ನೆಲ್ಲ ಹೇಗೆ ಹೇಳುವುದು ಎಂದು ನಾನು ಯೋಚಿಸುವಾಗ ಅವರೇ ಬಾಯಿ ತೆರೆದರು.

"ಚಂದ ಐತಪ. ಆದ್ರ ಇದು ನಮ್ಮೂರ ಮನಿ ಅಲ್ಲ."

"ಯಾಕವ್ವ?"

"ದನ ಎಲ್ಲಿ?"

ನನ್ನನ್ನು ಕೆಳಗಿಳಿಸಿ ತಮ್ಮ ಮನೆಯೊಳಕ್ಕೆ ಕರೆದುಕೊಂಡು ಹೋದರು. ನಾನು ಹುಟ್ಟಿ ಬೆಳೆದದ್ದು ಬ್ರೂಸ್‌ಪೇಟೆಯ ಬಾಡಿಗೆ ಕೋಣೆಯಲ್ಲಿ. ಪಡಸಾಲೆ ಬರೆಯುವಾಗ ಕಣ್ಣ ಮುಂದಿದ್ದದ್ದು ಸಾಹೇಬರ ವರಾಂಡ. ಅಲ್ಲಿ ಬಾಗಿಲು ದಾಟಿದರೆ ನೆಲ. ಇಲ್ಲಿ ಬಾಗಿಲು ದಾಟಿದರೆ ಎಮ್ಮೆ. ಮನೆಯ ಮುಂದಿನ ಅರ್ಧ ತಗ್ಗಿನಲ್ಲಿ, ಅಲ್ಲಿ ದನ ಕಟ್ಟುತ್ತಾರೆ. ಅದರಾಚೆ ಸೊಂಟದೆತ್ತರದ ಕಲ್ಲುಕಟ್ಟೆ, ಕಟ್ಟೆಯ ಮೇಲೆ ಪಡಸಾಲೆ, ಕಂಬಗಳು.

"ಬಂದೋರು ಮದಲ ಎಮ್ಮಿನ ಮಾತಾಡಿಸ್ತಾರ, ಆಮ್ಯಾಲ ನನ್ನ," ಎಂದರು ಮುದುಕಿ.

ಸೊಸೆ ಹಾಲು ಕರೆಯುತ್ತ ಕೂತಿದ್ದಳು. ನಾನು ಸ್ವಲ್ಪ ದೂರದಲ್ಲಿ, ಅಷ್ಟೇ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದೆ. ನನ್ನ ಕಣ್ಣು ಕಟ್ಟೆಯ ಅಂಚಿಗೆ ಸರಿಸಮ ಬಂತು. ಪಡಸಾಲೆಯ ನೆಲ ಮಾಯವಾಯಿತು. ಒಂದು ಗೆರೆ, ಅಷ್ಟೇ. ಗೆರೆಯ ಕೆಳಗೆ ನೇರವಾಗಿ ನಿಂತ ಕಲ್ಲಿನ ಕಟ್ಟೆ. ಅದಕ್ಕೆ ಹತ್ತಿರ ದೂರ ಎಂಬುದಿಲ್ಲ, ಅದು ಇಳಿಜಾರಾಗಲು ಸಾಧ್ಯವೇ ಇಲ್ಲ. ಗೆರೆಯ ಮೇಲೆ ಕಂಬಗಳು, ತೊಲೆಗಳು.

"ಎಮ್ಮಿ ಒದಿತೈತ್ರಿ, ಸರೀರಿ," ಎಂದಳು ಸೊಸೆ.

ಸರಿದು ಎದ್ದು ಮುದುಕಿಯನ್ನು ಕೇಳಿದೆ. "ಅವ್ವ, ನೆಲ ಬರಿಯಂಗಿಲ್ಲ ಅಂದ್ರ ಹೆಂಗ? ಕಟ್ಟಿ ಅಷ್ಟಾ ಬರೀತೀನಿ. ಮಾಳಗಿ ಮ್ಯಾಲಿಂದ ನೋಡೋ ನಿಮಗ ನೆಲ ಕಾಣಂಗಿಲ್ಲ."

"ಆ ನೆಲ ದಿನಾ ಸಾರಿಸೋರು ಯಾರು?"

"ನೀವಾ."

"ಮತ್ತ? ಅದು ಅಲ್ಲೈತಿ ಅಂತ ನಮಗ ನೀ ತೋರಸಬೇಕೇನು?"

ನಾನು ಇನ್ನೊಂದು ಅನುಮಾನ ಮುಂದಿಟ್ಟೆ. ಹಾಗೆ ಬರೆದರೆ ಪಾತ್ರದವರು ನಿಲ್ಲುವುದು ದನ ಕಟ್ಟುವ ಜಾಗದಲ್ಲಿ ಆಗುತ್ತದೆ.

"ನಿಲ್ಲಲಿ. ಕುಡುದು ಬಂದ ಮಗ ಅಲ್ಲೇ ನಿಲ್ಲಬೇಕು."

"ಸೊಸಿ?"

"ಸೊಸಿ ದಿನಾ ಇರೋದಾ ಅಲ್ಲಿ," ಎಂದಳು ಹಾಲು ಕರೆಯುತ್ತಿದ್ದವಳು, ತಿರುಗಿ ನೋಡದೆ.

ಸಂಜೆ ಪರದೆಯ ಮುಂದೆ ಒಬ್ಬನೇ ನಿಂತೆ. ಮೂರು ದಿನದ ನೆಲ. ಸಾಹೇಬರಿಂದ ಬರಾಬರ್ ಎನ್ನಿಸಿಕೊಂಡ ನೆಲ. ಅದನ್ನು ಉಳಿಸಿಕೊಳ್ಳಲು ನಾಲ್ಕು ನೆಪ ಹುಡುಕಿದೆ. ಲೆಕ್ಕದಲ್ಲಿ ಅದು ತಪ್ಪಿರಲಿಲ್ಲ. ಆದರೆ ಅದನ್ನು ಸರಿಯಾಗಿ ನೋಡಬೇಕಾದರೆ ಊರಿನ ಗಂಡಸರೆಲ್ಲ ಕಟ್ಟೆಯ ಮೇಲೆ ನನ್ನ ಜಾಗದಲ್ಲಿ ಬಂದು ನಿಲ್ಲಬೇಕಿತ್ತು. ನಾನು ಒದ್ದೆ ಬಟ್ಟೆ ತೆಗೆದುಕೊಂಡೆ. ಅಂಟಿನ ಬಣ್ಣ ನೀರು ಕಂಡರೆ ಸಾಕು, ಕರಗುತ್ತದೆ. ಕಲ್ಲುಗಳು ಒಂದೊಂದೇ ಬೂದಿ ನೀರಾಗಿ ಇಳಿದವು.

ಮುಂದಿನ ಎರಡು ದಿನ ಆ ಊರಲ್ಲೇ ಉಳಿದೆ. ಹಿರಿಯರ ಮನೆಯಲ್ಲಿ ಊಟ, ಮಧ್ಯಾಹ್ನಕ್ಕೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಚುಕ್ಕಿಯನ್ನು ಎರಡೂವರೆ ಅಡಿಗೆ, ಪರದೆಯಲ್ಲಿ ಬರೆಯಲಿರುವ ಕಟ್ಟೆಯ ಅಂಚಿಗೆ ಇಳಿಸಿದೆ. ಅದರಿಂದ ತೊಲೆ ಜಂತಿಗಳ ಗೆರೆಯೆಲ್ಲ ಹೊಸದಾಗಿ ಚಿಮ್ಮಬೇಕಾಯಿತು. ಕಂಬಗಳು ಹೆಚ್ಚು ಕಡಿಮೆ ಹಾಗೇ ಉಳಿದವು. ನೆಲದಲ್ಲಿ ಕೂತವರ ಕಣ್ಣಿಗೂ ಈ ಚುಕ್ಕಿಗೂ ಇನ್ನೂ ಸುಮಾರು ನಾಲ್ಕು ಅಡಿ ಅಂತರವಿತ್ತು. ಆದರೆ ಕಾಣುವ ನೆಲವೇ ಇಲ್ಲದ ಮೇಲೆ ಆ ತಪ್ಪನ್ನು ಹಿಡಿಯಲು ಕಣ್ಣಿಗೆ ಆಧಾರವಿರಲಿಲ್ಲ. ಕಟ್ಟೆಯ ಕಲ್ಲುಗಳನ್ನು ಮುದುಕಿಯ ಮನೆಯಿಂದಲೇ ನೋಡಿ ಬರೆದೆ. ಒಂದು ಮೂಲೆಯಲ್ಲಿ ಗೋದಲಿ, ಅಂದರೆ ದನಕ್ಕೆ ಮೇವು ಹಾಕುವ ಜಾಗ. ಎಮ್ಮೆಯನ್ನು ಬರೆಯಲಿಲ್ಲ, ಪಾತ್ರದವರಿಗಿಂತ ಜನ ಅದನ್ನೇ ನೋಡುತ್ತ ಕೂತಾರು ಎಂಬ ಭಯ.

ನಾಟಕದ ದಿನ ಸಂಜೆಯ ಬಸ್ಸಿಗೆ ಮಾಸ್ತರರು ಬಂದರು. ಅವರಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಅವರು ಕುರ್ಚಿಯನ್ನು ತಿರುಗಿಸಿ, ರಂಗಕ್ಕೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ಕೂತರು.

"ಇದೇನ್ರಿ ಮಾಸ್ತರ್ರ?" ಎಂದರು ತಂಡದ ಹಿರಿಯರು.

"ಪರದಿ ನೋಡೋದು ನಿಮ್ಮ ಕೆಲಸ. ಪರದಿ ಬರಿಯೋರು ಜನ ನೋಡಬೇಕು," ಎಂದು ಮಾಸ್ತರರು ಗತ್ತಿನಿಂದ ಹೇಳಿದರು. ಜನರ ಮುಖವೂ ಅವರಿಗೆ ಕಾಣುವುದಿಲ್ಲ ಎಂದು ನನಗೊಬ್ಬನಿಗೆ ಗೊತ್ತಿತ್ತು. ಅವರು ಕಿವಿ ಕೊಟ್ಟು ಕೂತಿದ್ದರು.

ಹೊತ್ತು ಮುಳುಗಿತು, ದೀಪ ಹತ್ತಿದವು, ಪರದೆ ಬಿಟ್ಟರು. ಹೋ ಎಂದು ಯಾರೂ ಕೂಗಲಿಲ್ಲ. ಆಗ ಬಲಗಡೆಯ ಮಾಳಿಗೆಯಿಂದ ಒಂದು ಹೆಣ್ಣು ದನಿ, "ನೋಡವ್ವಾ, ನಮ್ಮನಿ ಬರದಾನ" ಎಂದಿತು. "ನಿಮ್ಮನ್ಯಾಗ ಅಂಥ ಕಂಬ ಎಲ್ಲ್ಯಾವ? ಅದು ನಮ್ಮ ತವರಮನಿ," ಎಂದಿತು ಎಡಗಡೆಯ ಮಾಳಿಗೆ. ಮೂರನೆಯ ಮಾಳಿಗೆಯೂ ಸೇರಿಕೊಂಡಿತು. ಕೆಳಗೆ ಕೊಡದ ಮಾತೆತ್ತಿದ್ದ ಮುದುಕಪ್ಪ ಪರದೆಯನ್ನು ತದೇಕಚಿತ್ತದಿಂದ ನೋಡಿ, ಪಕ್ಕದವನಿಗೆ ಬೇಸರದಿಂದ ಹೇಳಿದ: "ಗ್ವಾದ್ಲಿ ಖಾಲಿ ಬಿಟ್ಟಾರ ನೋಡು. ಒಂದು ಹಿಡಿ ಮೇವು ಹಾಕಬಾರದಾ?"

ಮಾಸ್ತರರ ಮುಖದಲ್ಲಿ ಏನೋ ಸಡಿಲವಾಯಿತು. ಕುಡುಕ ಮಗ ರಂಗಕ್ಕೆ ಬಂದು ಪರದೆಯ ಕಟ್ಟೆಯ ಮುಂದೆ ತೂರಾಡಿದ. ಜನ ಅವನನ್ನು ಬೈದರು, ಪರದೆಯನ್ನು ಮರೆತರು. ಮಾಸ್ತರರು ಕೈ ಚಾಚಿ ನನ್ನ ಅಂಗಿ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ ಹೇಳಿದರು:

"ನನಗ ಏನೂ ಕಾಣವಲ್ದು, ತಮ್ಮಾ. ಏನೇನು ಬರದೀ, ಒಂದೊಂದಾ ಹೇಳು."

ಎಡಗಡೆಯಿಂದ ಶುರು ಮಾಡಿದೆ. ಗೋದಲಿ, ಕಲ್ಲಿನ ಕಟ್ಟೆ, ಕಂಬ, ಕಂಬದ ತಲೆಯ ಬೋದಿಗೆ, ತೊಲೆ.

"ಕಣ್ಣು ಎಲ್ಲಿ ಇಟ್ಟಿ?"

ಅವರು ಅದನ್ನು ಕೇಳುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. "ಹಾಲು ಕರಿಯಾಕ ಕುಂತೋರ ಕಣ್ಣಿನ ಎತ್ತರಕ್ಕ ಇಟ್ಟೀನ್ರಿ."

"ಹೂಂ. ಮುಂದ?"

"ಮ್ಯಾಲ ಜಂತಿ, ಜಂತಿ ನಡುವ ಬೆಳಕಿಂಡಿ. ಅದರಾಗಿಂದ ಆಕಾಶ ಒಂದೀಟು ಕಾಣತೈತಿ."

"ಅದರ ಬೆಳಕು ಎಲ್ಲಿ ಬಿದ್ದೈತಿ?"

ನಾನು ತಿರುಗಿ ಪರದೆ ನೋಡಿದೆ. ಎಲ್ಲೂ ಬಿದ್ದಿರಲಿಲ್ಲ.

"ನೆಲದ ಮ್ಯಾಲ ಹಾಕಿದ್ನಿರಿ. ನೆಲ ಅಳಿಸುವಾಗ ಅದೂ ಹೋತು."

"ನೆಲ ಇಲ್ಲಂತ ಬಿಸಲು ನಡುವ ನಿಂದರತೈತೇನು? ನಾಳಿ ಮುಂಜಾನೆ ಕಂಬದ ಮ್ಯಾಲ ಬೀಳಿಸು."

ತಂಡಕ್ಕೆ ಎರಡನೇ ದಿನದ ಆಟವೂ ಇತ್ತು. ಬೆಳಿಗ್ಗೆ ಏಣಿ ಹಾಕಿ ಹತ್ತಿದೆ. ಮಾಸ್ತರರು ಕೆಳಗೆ ಏಣಿ ಹಿಡಿದು ನಿಂತರು. ಹಳದಿಗೆ ಸಾಕಷ್ಟು ಬಿಳಿ ಬೆರೆಸಿ, ಹಿಂದಿನ ಸಾಲಿನ ಎರಡನೇ ಕಂಬದ ಮೇಲೆ ಓರೆಯಾಗಿ ಒಂದು ಪಟ್ಟೆ ಎಳೆದೆ.

"ಎಷ್ಟು ಅಗಲ?"

"ಒಂದು ಗೇಣು."

"ಅಂಚು ಹರಿತ ಐತೇನು?"

"ಐತ್ರಿ."

"ಒದ್ದಿ ಬಟ್ಟಿ ತುಸು ಹಚ್ಚು. ಮಾಳಗಿ ದಪ್ಪ ಇರತೈತಿ, ಅದನ್ನ ದಾಟಿ ಬಂದ ಬಿಸಲು ಅಷ್ಟು ಹರಿತ ಇರಂಗಿಲ್ಲ."

ಹಚ್ಚಿದೆ. ಏಣಿಯಿಂದ ಇಳಿದು, ಕಟ್ಟೆಯಿಂದಲೂ ಇಳಿದು, ಬಯಲಿನಲ್ಲಿ ಜನ ಕೂರುವ ಜಾಗಕ್ಕೆ ಹೋಗಿ ನೆಲದ ಮೇಲೆ ಕೂತು ನೋಡಿದೆ. ಪಡಸಾಲೆಯಲ್ಲಿ ಬೆಳಗಾಗಿತ್ತು.

"ಹೆಂಗೈತಿ?" ಎಂದರು ಮಾಸ್ತರರು ಪರದೆಯ ಪಕ್ಕದಿಂದ, ನಾನಿಲ್ಲದ ದಿಕ್ಕಿಗೆ ಮುಖ ಮಾಡಿ.

ಹೇಗಿದೆ ಎಂದು ಹೇಳಿದೆ. ಅವರು ಕೇಳಿ, ಕೈಗಂಟಿದ ಬಣ್ಣವನ್ನು ಧೋತರಕ್ಕೆ ಒರೆಸಿಕೊಂಡರು.

"ಹಂಗಾರ ಇನ್ನ ಒಳಮನಿ ಎಲ್ಲಾ ನೀನಾ ಬರಿ," ಎಂದರು. ಸ್ವಲ್ಪ ತಡೆದು, "ಸುಮ್ಕ ಬರೀಬ್ಯಾಡ. ನನಗ ಹೇಳಿಕೋತ ಬರಿ."